ಡೀಲರ್ ವರ್ಕ್‌ಶಾಪ್‌ನಲ್ಲಿ ಒಂಬತ್ತು ವರ್ಷ, ಹೊರಬರಲು ಮೂರು ತಿಂಗಳು

ಕೊನೆಯ ಲೆಕ್ಕ ಚುಕ್ತಾ ಆಗಿ ಇವತ್ತಿಗೆ ಆರು ದಿನ. ರಾಜೀನಾಮೆ ಕೊಟ್ಟಲ್ಲಿಂದ ಎಣಿಸಿದರೆ 94 ದಿನ ಹಿಡಿಯಿತು. ಒಂದೇ ಕಾರು ಕಂಪನಿಯ ಡೀಲರ್ ವರ್ಕ್‌ಶಾಪ್‌ಗೆ ಹೆಲ್ಪರ್ ಆಗಿ ಸೇರಿದವನು ಒಂಬತ್ತು ವರ್ಷದ ಮೇಲೆ, ಕಾರಿನ ದೋಷ ಎಲ್ಲಿದೆ ಅಂತ ಹುಡುಕುವ ಡಯಾಗ್ನೋಸಿಸ್ ಟೆಕ್ನಿಷಿಯನ್ ಆಗಿ ಹೊರಬಂದೆ. ಯಾವ ಕಂಪನಿ, ಯಾವ ಡೀಲರ್ ಅನ್ನುವುದು ಇಲ್ಲಿ ಬೇಡ. ಬೇರೆ ಬ್ರ್ಯಾಂಡ್‌ಗಳಲ್ಲಿರುವ ಗೆಳೆಯರ ಜೊತೆ ಕೂತು ಮಾತಾಡಿದಾಗಲೆಲ್ಲ ಕಥೆ ಹೆಚ್ಚುಕಡಿಮೆ ಇದೇ. ಸೇರುವಾಗ ಇದನ್ನೆಲ್ಲ ಯಾರಾದರೂ ಕೂರಿಸಿ ಹೇಳಿದ್ದರೆ ನನ್ನ ಒಂದಿಷ್ಟು ದುಡ್ಡು, ಬಲಗೈ ಮಣಿಕಟ್ಟು ಎರಡೂ ಉಳಿಯುತ್ತಿದ್ದವು. ಈಗ ಸೇರುತ್ತಿರುವ ಹುಡುಗರಿಗೆ, ಬಿಡುವ ಯೋಚನೆಯಲ್ಲಿರುವವರಿಗೆ, ಮತ್ತೆ ನಾನು ಮೆಕ್ಯಾನಿಕ್ ಅಂತ ಗೊತ್ತಾದ ಕೂಡಲೇ "ಯಾವ ಕಾರು ಒಳ್ಳೇದು ಹೇಳಿ" ಅನ್ನುವ ಎಲ್ಲರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹದಿನಾಲ್ಕು ತಿಂಗಳು ಹೆಲ್ಪರ್ ಕೆಲಸ. ಆಯಿಲ್ ಬದಲಾವಣೆ, ಫಿಲ್ಟರ್, ಟೈರ್ ರೊಟೇಷನ್, ಹೊಸ ಕಾರುಗಳ ಡೆಲಿವರಿಗೆ ಮುಂಚಿನ ತಪಾಸಣೆ. ಹೊಸ ಕಾರು ಲಾರಿಯಿಂದ ಇಳಿದ ಹಾಗೇ ಗ್ರಾಹಕರ ಕೈಗೆ ಹೋಗುವುದಿಲ್ಲ. ಸಾಗಣೆಗೆ ಅಂತ ಟೈರಿನಲ್ಲಿ ಹೆಚ್ಚು ಗಾಳಿ ತುಂಬಿರುತ್ತಾರೆ, ಅದನ್ನು ಇಳಿಸಬೇಕು. ಬ್ಯಾಟರಿ ಇಳಿಯದಿರಲಿ ಅಂತ ಟ್ರಾನ್ಸ್‌ಪೋರ್ಟ್ ಮೋಡ್‌ನಲ್ಲಿ ಇಟ್ಟಿರುತ್ತಾರೆ, ಅದನ್ನು ತೆಗೆಯಬೇಕು. ಈ ತಿಂಗಳುಗಳಲ್ಲಿ ಸಂಬಳ ಕಡಿಮೆ, ಆದರೆ ನಿಗದಿ. ಕಲಿಕೆ ಚೆನ್ನಾಗಿತ್ತು. ನನಗೆ ಸಿಕ್ಕ ಹಿರಿಯ ಟೆಕ್ನಿಷಿಯನ್, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದವರು, ಬೋಲ್ಟ್ ಬಿಗಿಯುವಾಗ ಮೊದಲ ಎರಡು ಸುತ್ತು ಬೆರಳಲ್ಲೇ ತಿರುಗಿಸಬೇಕು ಅಂತ ಹಟ ಹಿಡಿಯುತ್ತಿದ್ದರು. ಬೋಲ್ಟ್ ತಿರುಗಿಸುವ ಇಂಪ್ಯಾಕ್ಟ್ ಗನ್ ಹಿಡಿದು ನೇರ ಹೊಡೆದರೆ ಥ್ರೆಡ್ ಹಾಳಾಗಿದ್ದು ಗೊತ್ತೇ ಆಗುವುದಿಲ್ಲ, ಮುಂದೆ ಬಿಚ್ಚುವವನಿಗೆ ಗೊತ್ತಾಗುತ್ತದೆ.

ಸೇರುವಾಗ ಸಹಿ ಹಾಕಿದ ಕಾಗದಗಳನ್ನು ನಾನು ಓದಲಿಲ್ಲ. ನೀವು ಓದಿ. ಮೂರು ವಿಷಯ ಹುಡುಕಿ. ತರಬೇತಿಗೆ ಕಳಿಸಿದರೆ ಎಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವುದು ಒಂದು. ಸ್ವಂತ ಟೂಲ್ಸ್ ಕಳುವಾದರೆ ಯಾರ ಹೊಣೆ ಅನ್ನುವುದು ಇನ್ನೊಂದು. ಪಾಸಾಗದ ಕ್ಲೇಮಿನ (ವಾರಂಟಿ ರಿಪೇರಿಗೆ ಡೀಲರ್ ಕಾರು ಕಂಪನಿಯಿಂದ ಕೇಳುವ ಹಣದ) ದುಡ್ಡನ್ನು ನಿಮ್ಮಿಂದ ಹಿಡಿಯಬಹುದೇ ಅನ್ನುವುದು ಮೂರನೆಯದು. ಈ ಮೂರೂ ಒಂಬತ್ತು ವರ್ಷದಲ್ಲಿ ಒಂದಲ್ಲ ಒಂದು ಸಲ ನನ್ನ ಕುತ್ತಿಗೆಗೆ ಬಂದವು.

ಟೂಲ್ಸ್ ಅಂದೆನಲ್ಲ. ಲಿಫ್ಟು, ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರು, ಆ ಬ್ರ್ಯಾಂಡಿನ ವಿಶೇಷ ಸಾಧನಗಳು ವರ್ಕ್‌ಶಾಪ್‌ನವು. ಪಾನಾ, ಸಾಕೆಟ್ಟು, ಸ್ಕ್ರೂಡ್ರೈವರು, ಪ್ಲೈಯರು ಎಲ್ಲ ನಮ್ಮವೇ. ಮೊದಲೆರಡು ವರ್ಷ ಸಂಬಳದ ಐದರಲ್ಲೊಂದು ಪಾಲು ಟೂಲ್ಸಿಗೇ ಹೋಯಿತು. ದೊಡ್ಡ ಹೊಳೆಯುವ ಟೂಲ್ ಬಾಕ್ಸನ್ನು ಕಂತಿನಲ್ಲಿ ಕೊಂಡದ್ದು ನಾನು ಮಾಡಿದ ದೊಡ್ಡ ತಪ್ಪು. ಕಂತು ತೀರುವವರೆಗೆ ಕೆಲಸ ಬಿಡುವ ಧೈರ್ಯವೇ ಬರಲಿಲ್ಲ. ಬಾಕ್ಸ್ ಹಳೆಯದಿರಲಿ. ದುಡ್ಡು ಹಾಕುವುದಿದ್ದರೆ ಒಳ್ಳೆಯ ಮಲ್ಟಿಮೀಟರ್, ಬೋಲ್ಟನ್ನು ಹೇಳಿದ ಅಳತೆಗೆ ಬಿಗಿಯುವ ಒಳ್ಳೆಯ ಟಾರ್ಕ್ ರೆಂಚ್, ಕಣ್ಣಿಗೆ ಹೊಡೆಯದ ಒಂದು ಲೈಟ್, ಇವಕ್ಕೆ ಹಾಕಿ. ಉಳಿದದ್ದು ಬೇಕಾದಾಗ ಒಂದೊಂದೇ ಬರಲಿ. ಒಂದೊಂದು ಕೊಂಡಾಗಲೂ ಬಿಲ್ಲಿನ ಫೋಟೋ ತೆಗೆದಿಡಿ, ಟೂಲಿನ ಮೇಲೆ ಗುರುತು ಕೆತ್ತಿಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಎರಡನೇ ವರ್ಷ ನನ್ನನ್ನು ಗಂಟೆ ಲೆಕ್ಕಕ್ಕೆ ಹಾಕಿದರು. ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಎಷ್ಟು ಹೊತ್ತು ದುಡಿದೆ ಅನ್ನುವ ಗಂಟೆ ಅಲ್ಲ ಇದು, ಪುಸ್ತಕದ ಗಂಟೆ. ಪ್ರತಿ ಕೆಲಸಕ್ಕೂ ಕಂಪನಿ ಒಂದು ಸಮಯ ಗೊತ್ತು ಮಾಡಿರುತ್ತದೆ, ಗಂಟೆಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. 0.1 ಅಂದರೆ ಆರು ನಿಮಿಷ. ಮುಂದಿನ ಬ್ರೇಕ್ ಪ್ಯಾಡ್‌ಗೆ 0.8 ಅಂತಿದ್ದರೆ, ನೀವು ಅರ್ಧ ಗಂಟೆಯಲ್ಲಿ ಮುಗಿಸಿ ಇಲ್ಲ ಎರಡು ಗಂಟೆ ಒದ್ದಾಡಿ, ನಿಮ್ಮ ಲೆಕ್ಕಕ್ಕೆ ಬರುವುದು 0.8. ನಮ್ಮಲ್ಲಿ ಸಣ್ಣದೊಂದು ಮೂಲ ವೇತನ ಇತ್ತು, ಮೇಲಿನದ್ದೆಲ್ಲ ಈ ಗಂಟೆಗಳಿಂದಲೇ ಬರಬೇಕು. ಪೂರ್ತಿ ಇದರ ಮೇಲೇ ಬದುಕುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅದಕ್ಕೆ ಫ್ಲ್ಯಾಟ್ ರೇಟ್ ಅನ್ನುತ್ತಾರೆ.

ಮೊದಲ ಮೂರು ತಿಂಗಳು ಖುಷಿಯಾಗಿದ್ದೆ. ಕೈ ಚುರುಕಿತ್ತು, ಸರಳ ಕೆಲಸಗಳೇ ಬರುತ್ತಿದ್ದವು. ಆಮೇಲೆ ವಾರಂಟಿ ಕೆಲಸ ಬರತೊಡಗಿತು. ಗ್ರಾಹಕ ದುಡ್ಡು ಕೊಡುವ ಕೆಲಸಕ್ಕೆ ಒಂದು ಸಮಯ, ಅದೇ ಕೆಲಸ ವಾರಂಟಿಯಲ್ಲಾದರೆ ಕಡಿಮೆ ಸಮಯ. ಕಂಪನಿಯ ಅಳತೆ ನಡೆಯುವುದು ಚೊಕ್ಕ ಕಾರಿನ ಮೇಲೆ, ಎಲ್ಲ ಟೂಲ್ಸ್ ಎದುರಿಗೆ ಜೋಡಿಸಿಟ್ಟುಕೊಂಡು. ನಮ್ಮ ‘ಬೇ’ಗೆ, ಅಂದರೆ ಕಾರು ನಿಲ್ಲಿಸಿಕೊಂಡು ಕೆಲಸ ಮಾಡುವ ಜಾಗಕ್ಕೆ, ಬರುವುದು ಮೂರು ಮಳೆಗಾಲ ಕಂಡು ಬೋಲ್ಟೆಲ್ಲ ತುಕ್ಕು ಹಿಡಿದ ಕಾರು. ಅದರ ಮೇಲೆ ಕಾಯುವಿಕೆ. ಪಾರ್ಟ್ಸ್ ಕೌಂಟರಿನಲ್ಲಿ ಸಾಲು, ಒಂದೇ ಸ್ಕ್ಯಾನರಿಗೆ ನಾಲ್ಕು ಜನ, ಗ್ರಾಹಕರ ಒಪ್ಪಿಗೆಗೆ ಸರ್ವಿಸ್ ಅಡ್ವೈಸರ್ ಫೋನ್ ಮಾಡಿ ಅವರು ಎತ್ತದೆ ಇರುವುದು, ಬಿಚ್ಚಿದ ಕಾರು ಲಿಫ್ಟಿನ ಮೇಲೇ ಎರಡು ದಿನ ನೇತಾಡುವುದು. ಇದಕ್ಕೆ ಯಾವ ಪುಸ್ತಕದಲ್ಲೂ ಸಮಯ ಇಲ್ಲ.

ಒಂದು ಪುಟ್ಟ ನೋಟ್‌ಬುಕ್ ಜೇಬಿನಲ್ಲಿಟ್ಟುಕೊಂಡೆ. ಜಾಬ್ ಕಾರ್ಡ್ ನಂಬರ್, ಪುಸ್ತಕದ ಸಮಯ, ಗಡಿಯಾರದ ಸಮಯ, ಯಾಕೆ ತಡ. ಒಂದು ತಿಂಗಳ ಕೊನೆಗೆ ಕೂಡಿದರೆ ವರ್ಕ್‌ಶಾಪ್‌ನಲ್ಲಿ ಕಳೆದದ್ದು 212 ಗಂಟೆ, ಲೆಕ್ಕಕ್ಕೆ ಬಂದದ್ದು 148. ಉಳಿದ 64 ಗಂಟೆ ನಾನು ಸುಮ್ಮನೆ ಕೂತಿರಲಿಲ್ಲ. ಆ ಪುಟ ನೋಡುತ್ತಾ ನನಗೆ ಸಿಟ್ಟಿಗಿಂತ ಭಯವಾಯಿತು, ಏಕೆಂದರೆ ಇನ್ನೂ ವೇಗ ಮಾಡಿದರೆ ಏನು ಬಿಡಬೇಕಾಗುತ್ತದೆ ಅಂತ ನನಗೆ ಗೊತ್ತಿತ್ತು. ಟಾರ್ಕ್ ರೆಂಚ್ ತೆಗೆದುಕೊಳ್ಳುವ ಎರಡು ನಿಮಿಷ ಬಿಡಬೇಕು. ಟೆಸ್ಟ್ ಡ್ರೈವ್ ಹೋಗುವ ಹತ್ತು ನಿಮಿಷ ಬಿಡಬೇಕು. ಮೊದಲು ಹೋಗುವುದು ಯಾವಾಗಲೂ ಇವೇ. ಗಂಟೆ ಲೆಕ್ಕಕ್ಕೆ ಬರುತ್ತಿರುವ ಹುಡುಗರೇ, ಮೊದಲ ದಿನದಿಂದಲೇ ಈ ನೋಟ್‌ಬುಕ್ ಇಡಿ. ಮ್ಯಾನೇಜರ್ ಎದುರು ಬಾಯಿಮಾತು ನಿಲ್ಲುವುದಿಲ್ಲ, ಅಂಕಿ ನಿಲ್ಲುತ್ತದೆ.

ಐದನೇ ವರ್ಷ ಡಯಾಗ್ನೋಸಿಸ್ ತರಬೇತಿ ಮುಗಿಸಿದೆ. ಪರೀಕ್ಷೆ ಪಾಸಾದಾಗ ಮನೆಯವರಿಗೆಲ್ಲ ಫೋನ್ ಮಾಡಿ ಹೇಳಿದ್ದೆ. ಗಳಿಕೆ ಅಲ್ಲಿಂದ ಇಳಿಯತೊಡಗಿತು. ಬೇರೆಯವರಿಗೆ ಬಗೆಹರಿಯದ್ದೆಲ್ಲ ನನ್ನ ‘ಬೇ’ಗೆ ಬರುತ್ತದೆ, ಹುಡುಕುವುದಕ್ಕೆ ಪುಸ್ತಕದಲ್ಲಿ ಸಿಗುವುದು ಅರ್ಧ ಗಂಟೆ.

ಒಂದು ಕಾರು ಹೇಳುತ್ತೇನೆ. ಓಡುವಾಗ ಒಮ್ಮೊಮ್ಮೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಸ್ಟೀರಿಂಗ್, ಏರ್‌ಬ್ಯಾಗ್ ದೀಪಗಳೆಲ್ಲ ಒಟ್ಟಿಗೇ ಹತ್ತುತ್ತವೆ, ಸ್ವಲ್ಪ ಹೊತ್ತಿಗೆ ಆರುತ್ತವೆ. ಅದು ಮೂರನೇ ಭೇಟಿ. ಮೊದಲ ಸಲ ಕಾರಿನಲ್ಲಿ ದಾಖಲಾಗಿದ್ದ ದೋಷದ ಕೋಡ್ ಅಳಿಸಿ ಕಳಿಸಿದ್ದರು. ಎರಡನೇ ಸಲ ಎಬಿಎಸ್ ಮಾಡ್ಯೂಲ್, ಅಂದರೆ ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್, ಬದಲಿಸಿದ್ದರು. ಮೂರನೇ ಸಲ ಬಂದದ್ದು ಕಾರಿನ ಒಡತಿಯೇ, ಅರವತ್ತು ದಾಟಿದವರು. ಕೌಂಟರಿನಲ್ಲಿ ಜಗಳ ಆಡಲಿಲ್ಲ. "ಮೊಮ್ಮಗಳನ್ನ ಇದರಲ್ಲಿ ಕೂರಿಸಿಕೊಳ್ಳೋಕೆ ಭಯ ಆಗುತ್ತೆ ಕಣಪ್ಪಾ" ಅಂದರು ಅಷ್ಟೇ.

ಸ್ಕ್ಯಾನರಿನಲ್ಲಿ ಯು0121 ಕೋಡ್, ಎಬಿಎಸ್ ಮಾಡ್ಯೂಲ್ ಜೊತೆ ಸಂಪರ್ಕ ತಪ್ಪಿದೆ ಅಂತ. ಕೋಡ್ ಹೇಳುವುದು ಮಾಡ್ಯೂಲ್ ಮಾತಾಡುತ್ತಿಲ್ಲ ಅಂತ ಮಾತ್ರ. ಬಾಯಿ ಕೆಟ್ಟಿದೆಯೋ, ಮಾತು ಹೋಗುವ ತಂತಿ ಕೆಟ್ಟಿದೆಯೋ ಅಂತ ಹೇಳುವುದಿಲ್ಲ. ಮಾಡ್ಯೂಲ್‌ಗಳು ಮಾತಾಡುವುದು ಕ್ಯಾನ್ ಅನ್ನುವ ಒಂದು ಜೊತೆ ತಂತಿಯ ಮೇಲೆ, ಎರಡನ್ನೂ ಹುರಿಯ ಹಾಗೆ ಹೊಸೆದಿರುತ್ತಾರೆ. ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್. ಬ್ಯಾಟರಿ ಕಳಚಿ, ಕಾರು ನಿದ್ದೆಗೆ ಹೋದ ಮೇಲೆ, ಡಯಾಗ್ನೋಸಿಸ್ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ ಅಂತ ಅರ್ಥ. ಗೇಟ್‌ವೇ ಅನ್ನುವ ಮಧ್ಯದ ಮಾಡ್ಯೂಲ್ ಅಡ್ಡ ಇರುವ ಹೊಸ ಕಾರುಗಳಲ್ಲಿ ಅಲ್ಲಿ ಅಳೆಯಲಾಗದು, ಈ ಕಾರಿನಲ್ಲಿ ಆಗುತ್ತಿತ್ತು.

ಅಳೆದೆ, 60. ಸರಿಯಾಗೇ ಇದೆ. ಕೋಡ್ ಅಳಿಸಿ ಓಡಿಸಿದೆ, ಏನೂ ಇಲ್ಲ. ನನಗೆ ಸಿಕ್ಕ ಅರ್ಧ ಗಂಟೆ ಅಲ್ಲಿಗೆ ಮುಗಿದಿತ್ತು. ಆಮೇಲಿನದ್ದೆಲ್ಲ ನನ್ನ ಸ್ವಂತ ಸಮಯ. ಮೀಟರನ್ನು ಕಾಣುವ ಕಡೆ ಇಟ್ಟು, ಹೆಲ್ಪರ್ ಹುಡುಗನನ್ನು ಅದರ ಎದುರು ಕೂರಿಸಿ, ನಾನು ವೈರಿಂಗ್ ಹಾರ್ನೆಸ್ಸನ್ನು, ಅಂದರೆ ತಂತಿಗಳ ಕಟ್ಟನ್ನು, ಗೇಣು ಗೇಣಾಗಿ ಹಿಡಿದು ಅಲುಗಾಡಿಸುತ್ತಾ ಬಂದೆ. ಡ್ಯಾಶ್‌ಬೋರ್ಡ್ ಕೆಳಗೆ, ಬಾಗಿಲ ಸಂದಿಯಲ್ಲಿ, ಇಂಜಿನ್ ಪಕ್ಕ. ಅವತ್ತು ಸಂಜೆವರೆಗೂ ಅರವತ್ತು. ಮರುದಿನ ಮಧ್ಯಾಹ್ನ ಮುಂದಿನ ಎಡಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಕೈ ಹಾಕಿದಾಗ ಹುಡುಗ ಕೂಗಿದ, "ಅಣ್ಣಾ, ನೂರಿಪ್ಪತ್ತು!" ಕೈ ಬಿಟ್ಟೆ, ಅರವತ್ತು. ಮತ್ತೆ ಒತ್ತಿದೆ, ನೂರಿಪ್ಪತ್ತು.

ಯಾವಾಗಲೋ ಬಂಪರ್ ರಿಪೇರಿ ಮಾಡಿದವರು ಹಾರ್ನೆಸ್ಸಿನ ಒಂದು ಕ್ಲಿಪ್ಪನ್ನು ವಾಪಸ್ ಹಾಕಿರಲಿಲ್ಲ. ಅದು ಜೋತು ಬಿದ್ದು ಬ್ರ್ಯಾಕೆಟ್ಟಿನ ಅಂಚಿಗೆ ಉಜ್ಜುತ್ತಿತ್ತು. ಟೇಪ್ ಸೀಳಿ ನೋಡಿದರೆ ಹೊರಗಿನ ಕವಚದಲ್ಲಿ ಉಗುರಿನ ಗೀರಿನಷ್ಟು ಗಾಯ, ಒಳಗೆ ತಾಮ್ರ ಪಾಚಿಬಣ್ಣಕ್ಕೆ ತಿರುಗಿ ಪುಡಿಯಾಗಿತ್ತು. ಎರಡೋ ಮೂರೋ ಎಳೆ ಮಾತ್ರ ಉಳಿದಿದ್ದವು. ರಸ್ತೆಯಲ್ಲಿ ಗುಂಡಿ ಬಂದಾಗ ಆ ಎಳೆಗಳು ಬಿಡುತ್ತಿದ್ದವು, ಮತ್ತೆ ಕೂಡುತ್ತಿದ್ದವು. ಹಾಳಾದಷ್ಟು ಕತ್ತರಿಸಿ, ಹೊಸ ತಂತಿ ಸೇರಿಸಿ, ಮೊದಲಿನ ಹಾಗೇ ಹುರಿ ಹೊಸೆದು, ಹೊಸ ಕ್ಲಿಪ್ ಹಾಕಿದೆ. ಒಟ್ಟು ಏಳೂವರೆ ಗಂಟೆ. ಸಿಕ್ಕದ್ದು ಹುಡುಕಲು 0.5, ತಂತಿಗೆ 0.4.

ಎರಡನೇ ಭೇಟಿಯಲ್ಲಿ ಬಿಚ್ಚಿಟ್ಟ ಎಬಿಎಸ್ ಮಾಡ್ಯೂಲ್ ಸರಿಯಾಗೇ ಇತ್ತು. ಅದನ್ನು ಬದಲಿಸಿದ ಗೆಳೆಯ ದಡ್ಡನಲ್ಲ, ಮೋಸಗಾರನಂತೂ ಅಲ್ಲವೇ ಅಲ್ಲ. ಅವನಿಗೂ ಅರ್ಧ ಗಂಟೆಯೇ ಇತ್ತು, ಮಾಡ್ಯೂಲ್ ಬದಲಿಸಿದರೆ 1.2 ಸಿಗುತ್ತಿತ್ತು. ಹುಡುಕಿದರೆ ಕೂಲಿ ಇಲ್ಲ, ಬದಲಿಸಿದರೆ ಕೂಲಿ. ಒಂಬತ್ತು ವರ್ಷದಲ್ಲಿ ನಾನು ಕಂಡ ಹೆಚ್ಚಿನ "ಈ ಬ್ರ್ಯಾಂಡಿನ ಕಾರು ಸರಿಯಿಲ್ಲ, ಪದೇ ಪದೇ ಕೆಡುತ್ತೆ" ಅನ್ನುವ ದೂರುಗಳ ಹಿಂದೆ ಇದೇ ಲೆಕ್ಕ ಇತ್ತು. ಮೊದಲ ಸಲವೇ ಬಗೆಹರಿಯಬಹುದಾದ ಒಂದು ಕಾಯಿಲೆ ಮೂರು ಸಲ ಬರುತ್ತದೆ, ಕಾರಿನವರನ್ನು ಕೇಳಿ ಮಾಡುವ ಸಮೀಕ್ಷೆಯಲ್ಲಿ ಮೂರು ತೊಂದರೆ ಅಂತ ದಾಖಲಾಗುತ್ತದೆ.

ಕಾರಿನವರಿಗೆ ಒಂದು ಮಾತು. ಅಡ್ವೈಸರ್ ಹತ್ತಿರ "ಏನೋ ಶಬ್ದ ಬರುತ್ತೆ" ಅಂದರೆ ಜಾಬ್ ಕಾರ್ಡಿನಲ್ಲಿ ಎರಡೇ ಪದ ಬೀಳುತ್ತದೆ. ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಷ್ಟು ವೇಗದಲ್ಲಿ, ಬ್ರೇಕ್ ಒತ್ತಿದಾಗಲೋ ತಿರುಗಿಸಿದಾಗಲೋ, ಎಷ್ಟು ದಿನಕ್ಕೊಮ್ಮೆ, ಇದನ್ನು ಬರೆಸಿ. ಫೋನಿನಲ್ಲಿ ವಿಡಿಯೋ ಇದ್ದರೆ ತೋರಿಸಿ. ಕಾರು ಯಾರು ನೋಡುತ್ತಾರೋ ಅವರ ಜೊತೆಗೇ ಒಂದು ಸುತ್ತು ಟೆಸ್ಟ್ ಡ್ರೈವ್ ಹೋಗಬಹುದಾ ಅಂತ ಕೇಳಿ. ಆ ಹತ್ತು ನಿಮಿಷ ನಮಗೆ ಎರಡು ದಿನ ಉಳಿಸುತ್ತದೆ. ಬೇರೆ ಕಡೆ ಬಂಪರ್ ಬಿಚ್ಚಿಸಿದ್ದರೆ, ಸ್ಪೀಕರ್ ಹಾಕಿಸಿದ್ದರೆ, ಮುಚ್ಚಿಡಬೇಡಿ.

ವಾರಂಟಿ ಕಾಗದಪತ್ರ ಇನ್ನೊಂದು ದೊಡ್ಡ ಅಡ್ಡಿ. ಪ್ರತಿ ಕ್ಲೇಮಿಗೂ ಮೂರು ಸಾಲು ಬರೆಯಬೇಕು. ದೂರು ಏನು, ಕಾರಣ ಏನು, ಏನು ಮಾಡಿದೆ. ನಮ್ಮಲ್ಲಿ ಎಷ್ಟೋ ಜನ ಒಳ್ಳೆಯ ಕೆಲಸ ಮಾಡಿ "ಪಾರ್ಟ್ ಕೆಟ್ಟಿತ್ತು, ಬದಲಿಸಿದೆ" ಅಂತ ಬರೆದು ದುಡ್ಡು ಕಳೆದುಕೊಂಡಿದ್ದಾರೆ. ಅಳತೆ ಬರೆಯಿರಿ: ಇಷ್ಟು ವೋಲ್ಟ್ ಇರಬೇಕಿತ್ತು, ಇಷ್ಟು ಬಂತು. ಹಳೆಯ ಪಾರ್ಟಿಗೆ ಟ್ಯಾಗ್ ಕಟ್ಟಿ ಇಡಬೇಕು, ಕಂಪನಿ ಯಾವಾಗ ಬೇಕಾದರೂ ತರಿಸಿಕೊಂಡು ನೋಡುತ್ತದೆ. ನನ್ನದೊಂದು ಕ್ಲೇಮ್ ನಾಲ್ಕು ತಿಂಗಳ ಮೇಲೆ ಆಡಿಟ್‌ನಲ್ಲಿ ವಾಪಸ್ ಬಂತು. ಬ್ಯಾಟರಿ ಟೆಸ್ಟರಿನ ಚೀಟಿ ಲಗತ್ತಿಸಿಲ್ಲ ಅನ್ನುವುದೊಂದೇ ಕಾರಣ. ಚೀಟಿ ತೆಗೆದಿದ್ದೆ, ಜಾಬ್ ಕಾರ್ಡಿಗೆ ಪಿನ್ ಮಾಡಿದ್ದೆ, ಎಲ್ಲೋ ಬಿದ್ದುಹೋಗಿತ್ತು. ನನ್ನ ಆ ತಿಂಗಳ ಲೆಕ್ಕದಿಂದ 3.2 ಗಂಟೆ ಕಳೆದರು. ಕಾರು ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ಅವತ್ತಿನಿಂದ ಪ್ರತಿ ಚೀಟಿ, ಪ್ರತಿ ಅಳತೆಯ ಫೋಟೋ ಜಾಬ್ ಕಾರ್ಡ್ ನಂಬರ್ ಸಮೇತ ತೆಗೆದಿಟ್ಟೆ.

ಈಗ ಬ್ರ್ಯಾಂಡ್ ವಿಚಾರ. ಆಸ್ಪತ್ರೆಯಲ್ಲಿ ಕೂತವನಿಗೆ ಊರೆಲ್ಲ ರೋಗಿಗಳೇ ಕಾಣುತ್ತಾರೆ. ಒಂದೇ ಬ್ರ್ಯಾಂಡಿನ ವರ್ಕ್‌ಶಾಪ್‌ನಲ್ಲಿರುವ ಮೆಕ್ಯಾನಿಕ್ ತನ್ನ ಕಂಪನಿಯ ಕಾರನ್ನೇ ಅತಿ ಕೆಟ್ಟದ್ದು ಅನ್ನುತ್ತಾನೆ, ಏಕೆಂದರೆ ಕೆಟ್ಟ ಕಾರು ಮಾತ್ರ ಅವನ ‘ಬೇ’ಗೆ ಬರುತ್ತದೆ. ನಾನೂ ಹಾಗೇ ಅನ್ನುತ್ತಿದ್ದೆ. ನಮ್ಮ ಮಾತನ್ನು ಬ್ರ್ಯಾಂಡಿನ ಬಗ್ಗೆ ಅಲ್ಲ, ಇಂಥ ಇಂಜಿನ್, ಇಂಥ ಗೇರ್‌ಬಾಕ್ಸ್, ಇಂಥ ವರ್ಷ ಅನ್ನುವುದರ ಬಗ್ಗೆ ಕೇಳಿ. ಅಲ್ಲಿ ನಮಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಯಾವ ಕಾರು ಕಡಿಮೆ ಕೆಡುತ್ತದೆ ಅನ್ನುವ ಪಟ್ಟಿಗಳನ್ನು ನೋಡುವವರು ಅದು ಏನನ್ನು ಅಳೆದಿದೆ ಅಂತ ಮೊದಲು ನೋಡಬೇಕು. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯ ಒಂದು ಸಮೀಕ್ಷೆ ಕೊಂಡ ಮೊದಲ 90 ದಿನದ್ದು, ಇನ್ನೊಂದು ಮೂರು ವರ್ಷ ಹಳೆಯ ಕಾರಿನದ್ದು. ಎರಡೂ ನೂರು ಕಾರಿಗೆ ಎಷ್ಟು ತೊಂದರೆ ಅಂತ ಎಣಿಸುತ್ತವೆ. ಫೋನ್ ಸ್ಕ್ರೀನಿಗೆ ಜೋಡಣೆಯಾಗಲಿಲ್ಲ ಅನ್ನುವುದೂ ಅಲ್ಲಿ ತೊಂದರೆಯೇ. ಅಲ್ಲಿನದೇ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ತನ್ನ ಸದಸ್ಯರನ್ನು ಕೇಳುತ್ತದೆ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ, ರಸ್ತೆಯಲ್ಲಿ ನಿಂತುಹೋದ ಕಾರುಗಳ ಸಹಾಯದ ಕರೆಗಳನ್ನು ಲೆಕ್ಕ ಹಾಕುತ್ತದೆ. ಅದೇ ದೇಶದ ತಪಾಸಣಾ ಸಂಸ್ಥೆ ಟ್ಯುಫ್‌ನ ವರದಿ ಬರುವುದು ಕಾರುಗಳ ಕಡ್ಡಾಯ ತಪಾಸಣೆಯಿಂದ. ಬ್ರೇಕು, ಸಸ್ಪೆನ್ಷನ್, ದೀಪ ಇಂಥದ್ದೇ ಅಲ್ಲಿ ಮುಖ್ಯ. ಒಂದೇ ಕಾರು ಒಂದು ಪಟ್ಟಿಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇದ್ದರೆ ಯಾರೂ ಸುಳ್ಳು ಹೇಳುತ್ತಿಲ್ಲ.

ಬ್ರ್ಯಾಂಡ್ ನಂಬಿ ಕೂರಬೇಡಿ ಅನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಎರಡು ರೀಕಾಲ್‌ಗಳೇ (ದೋಷವಿರುವ ಕಾರುಗಳನ್ನು ಕಂಪನಿಯೇ ವಾಪಸ್ ಕರೆದು ಸರಿಪಡಿಸುವುದು) ಸಾಕು. ಹ್ಯುಂಡೈ ಕಂಪನಿ ಥೀಟಾ-2 ಇಂಜಿನ್‌ನ ರೀಕಾಲ್ ಅಮೆರಿಕದಲ್ಲಿ ಶುರು ಮಾಡಿದ್ದು 2015ರಲ್ಲಿ. ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರು ಆಯಿಲ್ ದಾರಿಗೆ ಅಡ್ಡ ಬಂದು ಬೇರಿಂಗ್ ಸವೆಯುತ್ತಿತ್ತು. 2024ರಲ್ಲಿ ಟೊಯೋಟ ಸುಮಾರು ಒಂದು ಲಕ್ಷ ಟುಂಡ್ರಾ ಪಿಕಪ್ ಮತ್ತು ಲೆಕ್ಸಸ್ ಎಲ್‌ಎಕ್ಸ್‌ಗಳನ್ನು ವಾಪಸ್ ಕರೆಯಿತು. ಅಲ್ಲೂ ಕಾರಣ ಅದೇ, ಇಂಜಿನ್ ತಯಾರಿಯಲ್ಲಿ ಒಳಗೇ ಉಳಿದ ಚೂರು. ಒಂದು ಕಂಪನಿಗೆ ಜನ ಬೈಯುತ್ತಾರೆ, ಇನ್ನೊಂದನ್ನು ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಟಕಾಟಾ ಏರ್‌ಬ್ಯಾಗ್ ಅಂತೂ ಒಂದೇ ಸರಬರಾಜುದಾರನಿಂದ ಹತ್ತೊಂಬತ್ತು ಕಾರು ಕಂಪನಿಗಳಿಗೆ ಹೋಗಿತ್ತು. ತೇವ, ಬಿಸಿಲಿಗೆ ಒಳಗಿನ ಅಮೋನಿಯಂ ನೈಟ್ರೇಟ್ ಕೆಟ್ಟು, ಉಬ್ಬಬೇಕಾದ ಚೀಲದ ಬದಲು ಲೋಹದ ಚೂರು ಸಿಡಿಯುತ್ತಿತ್ತು. ಆ ಕಂಪನಿ 2017ರಲ್ಲಿ ದಿವಾಳಿಯಾಯಿತು. ಹಳೆಯ ಕಾರು ಕೊಳ್ಳುವವರು ಚಾಸಿಸ್ ನಂಬರ್ ಕೊಟ್ಟು ಬಾಕಿ ರೀಕಾಲ್ ಇದೆಯಾ ಅಂತ ಕೇಳಲೇಬೇಕು.

ನನ್ನ ಅಭಿಪ್ರಾಯ ಬೇಕೇ ಬೇಕು ಅಂದರೆ ಇಷ್ಟು. ಟೊಯೋಟದ ಹೈಬ್ರಿಡ್ ಗೇರ್ ವ್ಯವಸ್ಥೆ ನನಗೆ ಇಷ್ಟ. 1997ರ ಮೊದಲ ಪ್ರಿಯಸ್‌ನಿಂದಲೂ ಮೂಲ ಉಪಾಯ ಅದೇ: ಪ್ಲಾನೆಟರಿ ಗೇರ್, ಎರಡು ಮೋಟಾರ್. ಸವೆಯುವ ಕ್ಲಚ್ ಇಲ್ಲ, ಜಾರುವ ಬೆಲ್ಟ್ ಇಲ್ಲ. ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸನ್ನು, ಅಂದರೆ ಫೋರ್ಡ್‌ನ ಪವರ್‌ಶಿಫ್ಟ್, ಫೋಕ್ಸ್‌ವ್ಯಾಗನ್‌ನ ಏಳು ಗೇರಿನ ಡಿಕ್ಯು200 ಥರದ್ದನ್ನು, ದಿನವೂ ಟ್ರಾಫಿಕ್‌ನಲ್ಲಿ ತೆವಳುವವರಿಗೆ ನಾನು ಹೇಳುವುದಿಲ್ಲ. ಆಯಿಲ್ ತಂಪಿಲ್ಲದ ಕ್ಲಚ್ ಅರ್ಧಂಬರ್ಧ ಹಿಡಿದೇ ಬಿಸಿಯಾಗುತ್ತದೆ. ಆಯಿಲಿನಲ್ಲಿ ಮುಳುಗಿ ಓಡುವ ಟೈಮಿಂಗ್ ಬೆಲ್ಟ್ (ಇಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಪಟ್ಟಿ) ನೋಡಿದರೆ ನನಗೆ ಹೆದರಿಕೆ. ಫೋರ್ಡ್‌ನ 1.0 ಇಕೋಬೂಸ್ಟ್‌ನಲ್ಲೂ ಪ್ಯೂಜೊ-ಸಿಟ್ರೊಯನ್‌ನ 1.2 ಪ್ಯೂರ್‌ಟೆಕ್‌ನಲ್ಲೂ ಅದಿತ್ತು. ತಪ್ಪು ಆಯಿಲ್ ಹಾಕಿದರೆ, ಬದಲಿಸುವುದು ತಡವಾದರೆ ಬೆಲ್ಟ್ ಉದುರಿ, ಆ ಚೂರು ಆಯಿಲ್ ಪಂಪಿನ ಜಾಲರಿಗೆ ಕಟ್ಟುತ್ತದೆ. ಪ್ಯೂರ್‌ಟೆಕ್‌ಗೆ ಕೊನೆಗೆ ಕಂಪನಿಯೇ ಯುರೋಪಿನಲ್ಲಿ 10 ವರ್ಷ ಅಥವಾ 1,75,000 ಕಿಲೋಮೀಟರ್‌ವರೆಗೆ ರಕ್ಷಣೆ ಘೋಷಿಸಿತು.

ನಾವು ಮೆಕ್ಯಾನಿಕ್‌ಗಳು ಕಾರನ್ನು ಅಳೆಯುವ ಇನ್ನೊಂದು ಅಳತೆಗೋಲು ಕೈ ಹೋಗುವ ಜಾಗ. ಬಿಎಂಡಬ್ಲ್ಯು ಎನ್47 ಡೀಸೆಲ್ ಇಂಜಿನ್‌ನಲ್ಲಿ ಟೈಮಿಂಗ್ ಚೈನ್ ಹಿಂದೆ, ಗೇರ್‌ಬಾಕ್ಸ್ ಕಡೆ ಇದೆ. ಚೈನ್ ಸದ್ದು ಮಾಡಿದರೆ ಅದರ ಬೆಲೆಗಿಂತ ಅಲ್ಲಿಗೆ ತಲುಪುವ ಕೂಲಿಯೇ ದೊಡ್ಡದು. ಕೊಳ್ಳುವ ಮುಂಚೆ ಬಾನೆಟ್ ಎತ್ತಿ, ಒಂದು ಬಲ್ಬ್ ಬದಲಿಸಲು, ಬ್ಯಾಟರಿ ತೆಗೆಯಲು ಏನೇನು ಬಿಚ್ಚಬೇಕು ಅಂತ ಯಾರಾದರೂ ಹಳೆಯ ಕೈಯನ್ನು ಕೇಳಿ.

ಏಳನೇ ವರ್ಷ ಬಲಗೈ ಮರಗಟ್ಟಲು ಶುರುವಾಯಿತು. ಬೆಳಿಗ್ಗೆ ಎದ್ದಾಗ ಎರಡು ಬೆರಳು ನನ್ನವಲ್ಲ ಅನ್ನಿಸುತ್ತಿತ್ತು. ಇಂಪ್ಯಾಕ್ಟ್ ಗನ್ ಹಿಡಿದ ಕೈ. ಡಾಕ್ಟರು ಮಣಿಕಟ್ಟಿನ ನರ ಒತ್ತಿಕೊಂಡಿದೆ ಅಂದರು, ಆರು ವಾರ ಗನ್ ಮುಟ್ಟಬಾರದು ಅಂತ ಚೀಟಿ ಕೊಟ್ಟರು. ಆ ಆರು ವಾರ ನನ್ನ ಪುಸ್ತಕದ ಗಂಟೆ ಸೊನ್ನೆಯ ಹತ್ತಿರ. ಇದು ಕೆಲಸದಿಂದಲೇ ಬಂದದ್ದು ಅಂತ ತೋರಿಸಲು ಅಪಘಾತ ರಿಜಿಸ್ಟರ್‌ನಲ್ಲಿ ದಾಖಲೆ ಬೇಕಿತ್ತು, ನಾನು ಎರಡು ವರ್ಷದಿಂದ ನೋವನ್ನು ಯಾರಿಗೂ ಹೇಳಿರಲಿಲ್ಲ. ನೋವು ಶುರುವಾದ ವಾರವೇ ಬರೆದು ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕಿವಿಗೂ ಇದೇ ಮಾತು: ಎಂಟು ಗಂಟೆಗೆ 85 ಡೆಸಿಬೆಲ್ ಮಿತಿ ಅನ್ನುತ್ತಾರೆ, ಗನ್ನಿನ ಸದ್ದು ಅದನ್ನು ಸುಲಭವಾಗಿ ದಾಟುತ್ತದೆ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಷಟರ್ ಮುಚ್ಚಿ ಇಂಜಿನ್ ಓಡಿಸುತ್ತಿದ್ದರೆ ಹೊಗೆ ಕೊಳವೆ ಹಾಕಿಸಿ, ನಾಚಿಕೆ ಬೇಡ. ಎಲೆಕ್ಟ್ರಿಕ್ ಕಾರು ಮುಟ್ಟುವವರು 1000 ವೋಲ್ಟಿನ ರಬ್ಬರ್ ಗ್ಲೌಸನ್ನು ಪ್ರತಿ ಸಲ ಸುರುಳಿ ಸುತ್ತಿ ಗಾಳಿ ಹಿಡಿಯುತ್ತದಾ ನೋಡಿ, ಪರೀಕ್ಷೆಯ ದಿನಾಂಕ ಮುಗಿದಿದ್ದರೆ ಕಾರಿನ ಹತ್ತಿರವೂ ಹೋಗಬೇಡಿ. ನಮ್ಮ ವರ್ಕ್‌ಶಾಪ್‌ನಲ್ಲಿದ್ದ ಒಂದೇ ಜೊತೆಯ ದಿನಾಂಕ ಮುಗಿದು ತಿಂಗಳುಗಳಾಗಿದ್ದವು. ಅದನ್ನು ಬರೆದು ಕೊಟ್ಟದ್ದೇ ನಾನು ಅಲ್ಲಿ ಮಾಡಿದ ಕೊನೆಯ ದೊಡ್ಡ ಜಗಳ.

ಬಿಡುವುದು ಇಷ್ಟು ಕಷ್ಟ ಅಂದುಕೊಂಡಿರಲಿಲ್ಲ. ನೋಟಿಸ್ ಅವಧಿ ಒಂದು ತಿಂಗಳು. ಆ ತಿಂಗಳು ನನಗೆ ಬಂದದ್ದೆಲ್ಲ ರಿಪೀಟ್ ಕೆಲಸ, ಅಂದರೆ ಅದೇ ದೂರಿಗೆ ವಾಪಸ್ ಬಂದ ಕಾರುಗಳು, ಗಂಟೆ ಇಲ್ಲದ್ದು. ಕೊನೆಯ ದಿನ ಟೂಲ್ ಬಾಕ್ಸ್ ತಳ್ಳಿಕೊಂಡು ಗೇಟಿಗೆ ಹೋದರೆ ಸೆಕ್ಯುರಿಟಿಯವರು ತಡೆದರು. ಯಾವುದು ನನ್ನದು, ಯಾವುದು ವರ್ಕ್‌ಶಾಪ್‌ನದು ಅಂತ ಪಟ್ಟಿ ಬೇಕಂತೆ. ಒಂಬತ್ತು ವರ್ಷದಲ್ಲಿ ಯಾರೂ ಕೇಳದ ಪಟ್ಟಿ. ನಾಲ್ಕು ದಿನ ಬಾಕ್ಸ್ ಅಲ್ಲೇ ಉಳಿಯಿತು. ಬಿಲ್ಲಿನ ಫೋಟೋ ಇದ್ದ, ಗುರುತು ಕೆತ್ತಿದ್ದ ಟೂಲ್ಸ್ ಹೊರಬಂದವು. ಮೊದಲ ವರ್ಷದ ಬಿಲ್ ಇಲ್ಲದ ಒಂದು ಸಾಕೆಟ್ ಸೆಟ್ ಬಿಟ್ಟು ಬಂದೆ, ಅಣ್ಣ ಕೈಹಿಡಿದು ಆರಿಸಿ ಕೊಡಿಸಿದ್ದು.

ತರಬೇತಿ ಪ್ರಮಾಣಪತ್ರಗಳು ಇನ್ನೊಂದು ಆಘಾತ. ಎಲ್ಲ ಡೀಲರ್ ಕೊಟ್ಟ ಐಡಿಯಲ್ಲೇ ಇದ್ದವು, ಕೆಲಸ ಬಿಟ್ಟ ಸಂಜೆಯೇ ಐಡಿ ನಿಂತುಹೋಯಿತು. ಅನುಭವ ಪತ್ರದಲ್ಲಿ ಬರೀ "ಟೆಕ್ನಿಷಿಯನ್" ಅಂತ ಬರೆದಿದ್ದರು. ಮೂರು ಸಲ ಹೋಗಿ, ಯಾವ ಯಾವ ಹಂತದ ತರಬೇತಿ ಯಾವ ದಿನ ಪಾಸಾಗಿದ್ದೇನೆ ಅಂತ ಸೇರಿಸಿಸಿದೆ. ನೀವು ರಾಜೀನಾಮೆ ಬರೆಯುವ ಮುಂಚೆಯೇ ಪ್ರತಿ ಪ್ರಮಾಣಪತ್ರ ಇಳಿಸಿಟ್ಟುಕೊಳ್ಳಿ. ಕೊನೆಯ ಸಂಬಳ ತಡೆದದ್ದು ಬಾಕಿ ವಾರಂಟಿ ಕ್ಲೇಮ್ ಪಾಸಾಗಲಿ ಅಂತ. ಹನ್ನೊಂದು ಕ್ಲೇಮ್ ಇದ್ದವು. ಎರಡು ವಾಪಸ್ ಬಂದಿವೆ, ದುಡ್ಡು ಹಿಡಿಯುತ್ತೇವೆ ಅಂದರು. ಫೋನಿನಲ್ಲಿದ್ದ ಚೀಟಿ, ಅಳತೆಯ ಫೋಟೋಗಳನ್ನು ಜಾಬ್ ಕಾರ್ಡ್ ನಂಬರ್ ಸಮೇತ ಕಳಿಸಿದೆ. ಎರಡೂ ಪಾಸಾದವು. ಪೂರ್ತಿ ಬಂತು.

ಈಗ ಗೆಳೆಯನೊಬ್ಬನ ಜೊತೆ ಸ್ವಂತ ಗ್ಯಾರೇಜ್, ಎಲ್ಲ ಬ್ರ್ಯಾಂಡ್. ಹುಡುಕುವ ಸಮಯಕ್ಕೆ ಬೇರೆ ಕೂಲಿ ಅಂತ ಮೊದಲೇ ಹೇಳುತ್ತೇವೆ. ಕೆಲವರು ಹಾಗೇ ತಿರುಗಿ ಹೋಗುತ್ತಾರೆ.

ನಿನ್ನೆ ಸಂಜೆ ಹಳೆಯ ವರ್ಕ್‌ಶಾಪ್‌ನ ಹುಡುಗ ಫೋನ್ ಮಾಡಿದ್ದ. ಅವನನ್ನೂ ಈಗ ಗಂಟೆ ಲೆಕ್ಕಕ್ಕೆ ಹಾಕಿದ್ದಾರೆ.

"ಅಣ್ಣಾ, ಕ್ಯಾನ್‌ನಲ್ಲಿ ನಲವತ್ತು ಓಮ್ ಬರ್ತಿದೆ, ಅರವತ್ತೂ ಅಲ್ಲ, ನೂರಿಪ್ಪತ್ತೂ ಅಲ್ಲ."

"ಹೊರಗಿಂದ ಏನಾದರೂ ಹಾಕಿಸಿದ್ದಾರಾ ಕೇಳು. ಮೂರನೇ ರೆಸಿಸ್ಟರ್ ಸೇರಿಕೊಂಡಿದ್ರೆ ನಲವತ್ತು ಬರುತ್ತೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದ. ಸೀಟಿನ ಕೆಳಗೆ ಯಾರೋ ಹಾಕಿದ ಟ್ರ್ಯಾಕರ್ ಇತ್ತಂತೆ, ಕಳಚಿದ ಮೇಲೆ ಅರವತ್ತು.

"ಎಷ್ಟು ಹೊತ್ತಾಯ್ತು ಅಂತ ಬರೆದುಕೊಂಡೆಯಾ?" ಅಂದೆ.

"ಬರೆದೆ ಅಣ್ಣ. ಎರಡು ಗಂಟೆ ಹತ್ತು ನಿಮಿಷ."